ಕುರಿ ಮಿದುಳಿನಲ್ಲಿ ಸೀಸ ಎಷ್ಟು? ಕೋಲಾರಕ್ಕೆ ಬಂದಿರುವ ಲೋಹ ಪರೀಕ್ಷೆ ಪ್ಯಾಕೇಜಿನ ವಿಮರ್ಶೆ

2018ರ ಜೂನ್‌ನಲ್ಲಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬಿದ್ದಾಗ ಎದ್ದ ಪ್ರಶ್ನೆ ಕೋಲಾರದಲ್ಲಿ ಇನ್ನೂ ತಣ್ಣಗಾಗಿಲ್ಲ. ಈ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಕೆರೆಗಳಿಗೆ ಬಿಡುತ್ತಾರೆ. ಅದರಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹ ಇದೆಯಾ, ಇದ್ದರೆ ಕೆರೆಯಂಗಳದಲ್ಲಿ ಮೇಯುವ ಕುರಿ-ದನಗಳ ಮೈಗೆ ಸೇರುತ್ತಿದೆಯಾ? ಇದೇ ಪ್ರಶ್ನೆಯನ್ನು ಹಿಡಿದು ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದು ಕೋಲಾರ, ಮಾಲೂರು, ಚಿಂತಾಮಣಿ ಕಡೆ ಒಂದು ಪ್ಯಾಕೇಜ್ ಮಾರುತ್ತಿದೆ. ಜಾನುವಾರಿನ ಮಿದುಳು ಕೊಡಿ, ಹನ್ನೆರಡು ಲೋಹಗಳ ಮಟ್ಟ ಅಳೆದು ನಿಮ್ಮ ಊರಿನ ಮಾಲಿನ್ಯ ಎಷ್ಟೆಂದು ಹೇಳುತ್ತೇವೆ ಎನ್ನುವುದು ಅವರ ಮಾತು. ಕೆರೆ ಸಮಿತಿಗಳು, ಕುರಿ ಸಾಕಣೆ ಸಂಘಗಳು, ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇದನ್ನು ವಿಚಾರಿಸುತ್ತಿದ್ದಾರೆ. ಹಣ ಕಟ್ಟುವ ಮೊದಲು ಓದಲಿ ಎಂದು ಈ ವಿಮರ್ಶೆ. ಪ್ರಯೋಗಾಲಯದ ಹೆಸರು ಬೇಕಿಲ್ಲ, ಏಕೆಂದರೆ ಇಲ್ಲಿ ಹೇಳುವ ಬಹುಪಾಲು ಮಾತು ಇಂಥ ಯಾವ ಸೇವೆಗೂ ಸಲ್ಲುತ್ತದೆ.

ಮೊದಲೇ ಹೇಳಿಬಿಡುವುದಾದರೆ, ಯಂತ್ರದ ಕೆಲಸ ಚೊಕ್ಕವಾಗಿದೆ. ಮಾದರಿ ತುಂಬಿ ಕಳಿಸಲು ಅವರು ಕೊಡುವ ಕಿಟ್ ಸೊರಗಿದೆ. ವರದಿಯನ್ನು ಕೇಳಿ ತಿದ್ದಿಸಿಕೊಳ್ಳಬೇಕು. ಮಿದುಳೊಂದನ್ನೇ ನೋಡಿ ಮಾಲಿನ್ಯ ಹೇಳುತ್ತೇವೆ ಎಂಬ ಮಾತು ಮಾತ್ರ ಅರ್ಧ ಸರಿ, ಇನ್ನರ್ಧ ಜಾಹೀರಾತು.

ಆ ಅರ್ಧ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ಹೋಗುವುದಿಲ್ಲ, ನಡುವೆ ಒಂದು ತಡೆ ಇದೆ. ಬೆಳೆದ ಪ್ರಾಣಿಯಲ್ಲಿ ಈ ತಡೆ ಕ್ಯಾಡ್ಮಿಯಂ ಅನ್ನು ಬಹುಮಟ್ಟಿಗೆ ಆಚೆಯೇ ನಿಲ್ಲಿಸುತ್ತದೆ. ಹೊಟ್ಟೆಗೆ ಹೋದ ಕ್ಯಾಡ್ಮಿಯಂ ಲಿವರ್ ದಾಟಿ ಕಿಡ್ನಿಯ ಹೊರಪದರದಲ್ಲಿ ವರ್ಷಗಟ್ಟಲೆ ಕೂರುತ್ತದೆ. ಕೊಳಚೆ ನೀರಿನ ವಿಚಾರದಲ್ಲಿ ಜನಕ್ಕೆ ಹೆಚ್ಚು ಭಯ ಇರುವುದೂ ಕ್ಯಾಡ್ಮಿಯಂ ಬಗ್ಗೆಯೇ, ಯಾಕೆಂದರೆ ಸೀಸಕ್ಕಿಂತ ಸುಲಭವಾಗಿ ಅದು ಮಣ್ಣಿನಿಂದ ಸೊಪ್ಪು-ಮೇವಿಗೆ ಏರುತ್ತದೆ. ಹಾಗಾಗಿ ಮಿದುಳಿನಲ್ಲಿ ಕ್ಯಾಡ್ಮಿಯಂ ಸಿಗಲಿಲ್ಲ ಎಂಬ ವರದಿ ಹಿಡಿದು ಕೆರೆ ನೀರು ಶುದ್ಧ ಎಂದು ಪಂಚಾಯಿತಿಯಲ್ಲಿ ಓದಿ ಹೇಳಿದರೆ ಅದು ತಪ್ಪು ಸಮಾಧಾನ.

ಸೀಸದ ಕಥೆ ಬೇರೆ. ಅದು ಮಿದುಳಿಗೆ ಹೋಗುತ್ತದೆ, ಕರು-ಮರಿಗಳಲ್ಲಿ ಇನ್ನೂ ಹೆಚ್ಚಾಗಿ ಹೋಗುತ್ತದೆ. ಆದರೂ ಸೀಸದ ವಿಷಬಾಧೆ ಎಂದು ತೀರ್ಮಾನಿಸಲು ಪಶುವೈದ್ಯರು ನೋಡುವುದು ಕಿಡ್ನಿ, ಲಿವರ್ ಮತ್ತು ರಕ್ತ. ದನದ ಕಿಡ್ನಿಯಲ್ಲಿ ಹಸಿ (ಒಣಗಿಸದ) ತೂಕದ ಲೆಕ್ಕದಲ್ಲಿ ಕೆಜಿಗೆ 10 ಮಿಲಿಗ್ರಾಂ ದಾಟಿದರೆ, ರಕ್ತದಲ್ಲಿ ಲೀಟರಿಗೆ 0.35 ಮಿಲಿಗ್ರಾಂ ದಾಟಿದರೆ ಸೀಸವೇ ಕಾರಣ ಎನ್ನಲು ಬಲ ಬರುತ್ತದೆ. ಮಿದುಳಿಗೆ ಇಷ್ಟು ಒಪ್ಪಿತವಾದ ಗೆರೆ ಇಲ್ಲ. ಮಿದುಳು ನಿಜವಾಗಿ ಕೆಲಸಕ್ಕೆ ಬರುವುದು ಪಾದರಸಕ್ಕೆ, ಅದರಲ್ಲೂ ಮೀಥೈಲ್ ರೂಪದ ಪಾದರಸಕ್ಕೆ, ಮ್ಯಾಂಗನೀಸ್‌ಗೆ, ಮತ್ತು ತಾಮ್ರದ ಕೊರತೆಗೆ. ಹುಟ್ಟಿದ ಮರಿಗಳು ಹಿಂಗಾಲು ಎಳೆದು ತೂರಾಡುವ ರೋಗದಲ್ಲಿ ಮಿದುಳು, ಬೆನ್ನುಹುರಿಯ ತಾಮ್ರ ಇಳಿದಿರುತ್ತದೆ. ಅದು ಮಾಲಿನ್ಯವಲ್ಲ, ತಾಯಿ ಕುರಿಗೆ ತಾಮ್ರ ಸಾಲದೆ ಬರುವುದು. ಇವುಗಳಿಗೆ ಮಿದುಳು ಬೇಕು, ಉಳಿದದ್ದಕ್ಕೆ ಕಿಡ್ನಿ-ಲಿವರ್ ಜೊತೆಗಿರಲೇಬೇಕು. ಪ್ಯಾಕೇಜಿನ ಕರಪತ್ರದಲ್ಲಿ ಕಿಡ್ನಿ ಎಂಬ ಮಾತೇ ಇಲ್ಲ. ಫೋನ್ ಮಾಡಿ ಕೇಳಿದರೆ ಮಾತ್ರ ಅದೇ ಪ್ರಾಣಿಯ ಬೇರೆ ಅಂಗ ಕಡಿಮೆ ದರಕ್ಕೆ ಮಾಡಿಕೊಡುತ್ತೇವೆ ಎನ್ನುತ್ತಾರೆ. ಕೇಳಿ.

ಕರಪತ್ರದ ಚಿತ್ರದಲ್ಲಿ ಹಸು ಇದೆ. ಹಸುವಿನ ಮಿದುಳು ಎಲ್ಲಿಂದ ತರುವುದು? ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ 2020ರ ಪ್ರಕಾರ ದನ ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ಅನುಮತಿ ಉಂಟು. ಅಂದಮೇಲೆ ಹಸುವಿನ ಮಿದುಳು ಸಿಗುವುದು ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯಲ್ಲಷ್ಟೆ. ಕಾಯಿಲೆ ಬಂದು ಸತ್ತದ್ದರಿಂದ ಊರಿನ ಸಾಮಾನ್ಯ ಮಟ್ಟ ತಿಳಿಯುವುದಿಲ್ಲ. ಹಸುವಿನ ವಿಷಯದಲ್ಲಿ ರಕ್ತ ತೆಗೆಸುವುದೇ ಜಾಣತನ. ಅದಕ್ಕೂ ಸಾಮಾನ್ಯ ವಯಲ್ ಸಾಲದು, ರಬ್ಬರ್ ಬಿರಡೆಯಿಂದ ಸತು ಬಿಡುತ್ತದೆ. ಲೋಹ ಪರೀಕ್ಷೆಗೆಂದೇ ಬರುವ ಗಾಢ ನೀಲಿ ಮುಚ್ಚಳದ ಟ್ಯೂಬ್ ಬೇಕು. ಹಾಲಿಗೆ ಸೀಸ, ಕ್ಯಾಡ್ಮಿಯಂ ಬಹಳ ಕಡಿಮೆ ಇಳಿಯುತ್ತವೆ, ಆದ್ದರಿಂದ ಡೇರಿ ಕ್ಯಾನಿನ ಹಾಲು ತಂದು ಕೊಟ್ಟರೆ ಪ್ರಯೋಜನವಿಲ್ಲ.

ಉಳಿದದ್ದು ಕುರಿ, ಮೇಕೆ. ಮಟನ್ ಅಂಗಡಿಯಲ್ಲಿ ತಲೆ-ಕಾಲು ಕೇಳಿದರೆ ಮಿದುಳು ಸಿಗುತ್ತದೆ, ಅದನ್ನೇ ಕಳಿಸೋಣ ಎಂದು ಹೊರಡುವವರೇ ಹೆಚ್ಚು. ಕೋಲಾರ ಪೇಟೆಯ ಅಂಗಡಿಗೆ ಬರುವ ಕುರಿ ಶಿರಾ, ಪಾವಗಡ, ಅನಂತಪುರ, ಮದನಪಲ್ಲಿ ಎಲ್ಲಿಂದಲಾದರೂ ಬಂದಿರಬಹುದು. ಸಂತೆಯಲ್ಲಿ ಕೈ ಬದಲಾಯಿಸಿ, ಎಲ್ಲೋ ಒಂದಿಷ್ಟು ದಿನ ಕಟ್ಟಿ ಮೇಯಿಸಿ, ಇಲ್ಲಿ ಕೊಯ್ದದ್ದು. ಅದರ ಮಿದುಳಿನ ಲೋಹಕ್ಕೂ ಲಕ್ಷ್ಮೀಸಾಗರಕ್ಕೂ ಏನು ಸಂಬಂಧ? ಪ್ರಯೋಗಾಲಯದ ಫಾರಂನಲ್ಲಿ ಊರು ಎಂಬ ಒಂದೇ ಕಾಲಂ ಇದೆ. ಅಂಗಡಿ ಇರುವ ಊರನ್ನು ಬರೆದರೂ ಒಪ್ಪಿಕೊಳ್ಳುತ್ತಾರೆ. ಈ ಸೇವೆಯ ದೊಡ್ಡ ದೋಷ ಇದು. ಫಾರಂನ ಹಿಂಬದಿಯಲ್ಲಿ ನೀವೇ ಬರೆಯಬೇಕಾದದ್ದು: ಮಂದೆ ಯಾವ ಊರಿನದು, ಹುಟ್ಟಿದ್ದೂ ಅಲ್ಲೇನಾ, ಕಳೆದ ಒಂದು ವರ್ಷ ಎಲ್ಲಿ ಮೇಯಿತು, ಕುಡಿದದ್ದು ಕೆರೆ ನೀರೋ ಕೊಳವೆ ಬಾವಿಯದೋ, ಹಿಂಡಿ-ಖನಿಜ ಮಿಶ್ರಣ ಕೊಟ್ಟಿದ್ದಾರೋ, ಗಂಡೋ ಹೆಣ್ಣೋ, ಹಲ್ಲು ಎಷ್ಟು. ಹಲ್ಲು ತೀರಾ ಮುಖ್ಯ. ಹಾಲುಹಲ್ಲಿನ ಮರಿಯನ್ನೂ ಬಾಯಿ ಕೂಡಿದ ಮುದಿ ಕುರಿಯನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ಸರಾಸರಿ ತೆಗೆದರೆ ಸಿಗುವುದು ಊರಿನ ವ್ಯತ್ಯಾಸವಲ್ಲ, ವಯಸ್ಸಿನ ವ್ಯತ್ಯಾಸ. ಎರಡು ಹಲ್ಲು ಎಂದರೆ ಹೆಚ್ಚುಕಮ್ಮಿ ಒಂದರಿಂದ ಒಂದೂವರೆ ವರ್ಷ, ಎಂಟು ಹಲ್ಲು ಎಂದರೆ ಮೂರೂವರೆ-ನಾಲ್ಕು. ಕೆರೆಯೂರಿನಲ್ಲೂ, ಈ ನೀರು ಬಾರದ ಹೋಲಿಕೆಯ ಊರಿನಲ್ಲೂ ಒಂದೇ ಹಲ್ಲಿನ ಕುರಿ ಆರಿಸಿ. ಹೋಲಿಕೆಯ ಊರು ಇಲ್ಲದೆ ಈ ಪರೀಕ್ಷೆ ಮಾಡಿಸಲೇಬೇಡಿ. ಊರಿಗೆ ಹತ್ತು ಪ್ರಾಣಿಗಿಂತ ಕಡಿಮೆಯಾದರೆ ಒಂದು ಕುರಿಯ ಎಡವಟ್ಟೇ ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ.

ಕಿಟ್ ವಿಚಾರಕ್ಕೆ ಬರೋಣ. ಥರ್ಮೋಕೋಲ್ ಪೆಟ್ಟಿಗೆ, ಎರಡು ಜೆಲ್ ಪ್ಯಾಕ್, ತಿರುಪಿನ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿಗಳು, ಪೌಡರ್ ಇಲ್ಲದ ಕೈಗವಸು, ಪ್ಲಾಸ್ಟಿಕ್ ಚಿಮಟ, ಲೇಬಲ್, ಫಾರಂ. ಡಬ್ಬಿಗೆ ಪೂರ್ಣ ಅಂಕ ಕೊಡಬಹುದು. ಆಸಿಡ್‌ನಲ್ಲಿ ತೊಳೆದು ಒಂದೊಂದನ್ನೂ ಬೇರೆ ಚೀಲದಲ್ಲಿ ಹಾಕಿದ್ದಾರೆ. ಪೌಡರ್ ಇರುವ ಕೈಗವಸಿನಿಂದ ಸತು ಅಂಟುತ್ತದೆ ಎಂಬುದನ್ನೂ ಬಲ್ಲರು. ಆದರೆ ಕೊಯ್ಯಲು ಏನೂ ಕೊಟ್ಟಿಲ್ಲ. ಸ್ಟೀಲ್ ಚಾಕು ಬಳಸಿದರೆ ಕಬ್ಬಿಣ, ಕ್ರೋಮಿಯಂ, ನಿಕಲ್, ಮ್ಯಾಂಗನೀಸ್ ನಾಲ್ಕೂ ಮಾದರಿಗೆ ಸೇರುತ್ತವೆ, ಮತ್ತು ಅವರ ಹನ್ನೆರಡರ ಪಟ್ಟಿಯಲ್ಲಿ ಈ ನಾಲ್ಕೂ ಇವೆ! ಒಂದು ಸೆರಾಮಿಕ್ ಚಾಕು ಕೊಂಡುಕೊಳ್ಳಿ, ಅಡುಗೆಮನೆಯದೇ ಸಾಕು, ಬಿಳಿ ಅಲಗಿನದು. ಎರಡು ಜೆಲ್ ಪ್ಯಾಕ್ ಕೋಲಾರ ಪಟ್ಟಣದಿಂದ ಬೆಂಗಳೂರಿಗೆ ಬೆಳಗಿನ ಹೊತ್ತು ಸಾಲುತ್ತದೆ. ಬಾಗೇಪಲ್ಲಿ, ಶ್ರೀನಿವಾಸಪುರದಿಂದ ಏಪ್ರಿಲ್ ಬಿಸಿಲಲ್ಲಿ ಸಾಲದು. ಮಿದುಳು ಬೇರೆ ಅಂಗಗಳಿಗಿಂತ ಬೇಗ ಕರಗಿ ಅಂಬಲಿಯಾಗುತ್ತದೆ, ಆಗ ಭಾಗ ಬಿಡಿಸಲು ಆಗುವುದಿಲ್ಲ. ಮೊದಲು ಡೀಪ್ ಫ್ರೀಜರ್‌ನಲ್ಲಿ ಮೈನಸ್ 20ಕ್ಕೆ ಗಟ್ಟಿ ಮಾಡಿ, ನಾಲ್ಕು ಪ್ಯಾಕ್ ಹಾಕಿ ಕಳಿಸಿ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಬೇಡಿ, ಕಾರಣ ಹೇಳಬೇಕಿಲ್ಲ. ಫಾರ್ಮಲಿನ್‌ನಲ್ಲೂ ಇಡಬೇಡಿ. ರೋಗ ನೋಡುವವರಿಗೆ ಫಾರ್ಮಲಿನ್ ಬೇಕು, ಲೋಹ ನೋಡುವವರಿಗೆ ಅದು ಶತ್ರು: ಅಂಗಾಂಶದಿಂದ ಕೆಲವು ಲೋಹ ದ್ರಾವಣಕ್ಕೆ ಇಳಿಯುತ್ತವೆ, ದ್ರಾವಣದಲ್ಲಿದ್ದವು ಅಂಗಾಂಶಕ್ಕೆ ಏರುತ್ತವೆ.

ಮಿದುಳು ತೆಗೆಯುವ ಬಗೆ ಕಿಟ್‌ನ ಚೀಟಿಯಲ್ಲಿ ನಾಲ್ಕು ಸಾಲಿದೆ, ಸಾಲದು. ಅದಕ್ಕೂ ಮೊದಲು ಅಲ್ಲಿ ಇಲ್ಲದ ಒಂದು ಎಚ್ಚರಿಕೆ. ತೂರಾಡುತ್ತಿದ್ದ, ಜೊಲ್ಲು ಸುರಿಸುತ್ತಿದ್ದ, ಗೋಡೆಗೆ ತಲೆ ಒತ್ತುತ್ತಿದ್ದ, ನಾಯಿ ಕಚ್ಚಿರಬಹುದಾದ ಪ್ರಾಣಿಯ ತಲೆಯನ್ನು ಅಂಗಡಿಯವನ ಕೈಲಿ ಒಡೆಸಬೇಡಿ. ಅದು ಸೀಸವೂ ಇರಬಹುದು, ರೇಬೀಸೂ ಇರಬಹುದು, ನೋಡಿ ಹೇಳಲಾಗದು. ಅಂಥದ್ದು ಪಶುವೈದ್ಯರ ಮೂಲಕ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಮೊದಲು ಹೋಗಬೇಕು. ದಿಢೀರನೆ ಸತ್ತು ಮೂಗು-ಗುದದಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ ಅನುಮಾನ. ಆ ಹೆಣವನ್ನು ಬಿಚ್ಚುವುದೇ ಕೂಡದು. ಮಾದರಿ ತೆಗೆಯುವ ಕೆಲಸ ಆರೋಗ್ಯವಾಗಿದ್ದು ಕೊಯ್ದ ಕುರಿಗೆ ಮಾತ್ರ.

ಅಂಗಡಿಯಲ್ಲಿ ತಲೆಯನ್ನು ಮಚ್ಚಿನಿಂದ ನಡುವೆ ಸೀಳುತ್ತಾರೆ. ಅಡುಗೆಗೆ ಸರಿ, ಪರೀಕ್ಷೆಗೆ ಇದರಷ್ಟು ಕೆಟ್ಟ ದಾರಿ ಇಲ್ಲ. ಅಲಗು ಮಿದುಳಿನ ಮಧ್ಯಕ್ಕೇ ಇಳಿಯುತ್ತದೆ, ಕೊರಡಿನ ಕೊಳೆ ಮೆತ್ತುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ತಲೆಬುರುಡೆಯ ಚೂರು ಒಳಗೆ ಸಿಡಿಯುತ್ತದೆ. ಮೈಯಲ್ಲಿ ಉಳಿಯುವ ಸೀಸದ ಬಹುಪಾಲು ಇರುವುದು ಮೂಳೆಯಲ್ಲಿ. ಸಾಸಿವೆ ಕಾಳಿನಷ್ಟು ಮೂಳೆ ಅರ್ಧ ಗ್ರಾಂ ಮಿದುಳಿನ ಜೊತೆ ಆಸಿಡ್‌ಗೆ ಬಿದ್ದರೂ ಸೀಸದ ಅಂಕಿ ನೆಗೆಯುತ್ತದೆ. ಹಾಗಾಗಿ ಚರ್ಮ ಸುಲಿದ ಮೇಲೆ ಕಣ್ಣುಗುಳಿಯ ಹಿಂದೆ ಅಡ್ಡಕ್ಕೆ ಒಂದು ಗರಗಸದ ಗೆರೆ, ಅದರ ಎರಡು ತುದಿಯಿಂದ ಹಿಂದೆ ಬೆನ್ನುಹುರಿಯ ತೂತಿನವರೆಗೆ ಎರಡು ಗೆರೆ, ಮೂಳೆಯ ದಪ್ಪ ಇರುವಷ್ಟೇ ಆಳ. ಮುಚ್ಚಳದಂತೆ ಬುರುಡೆ ಎತ್ತಿ. ಮೇಲಿನ ಗಟ್ಟಿ ಪೊರೆ ಬಿಡಿಸಿ ತೆಗೆಯಿರಿ, ಮೂಳೆಪುಡಿ ಹೆಚ್ಚಾಗಿ ಅದರ ಮೇಲೇ ಇರುತ್ತದೆ. ತಲೆಯನ್ನು ತಿರುವಿ ಹಿಡಿದು, ತಳದ ನರಗಳನ್ನು ಒಂದೊಂದಾಗಿ ಕತ್ತರಿಸಿದರೆ ಮಿದುಳು ತನ್ನ ಭಾರಕ್ಕೆ ಡಬ್ಬಿಗೆ ಜಾರುತ್ತದೆ. ಕುರಿಯದು ಸುಮಾರು 120–140 ಗ್ರಾಂ ತೂಗುತ್ತದೆ. ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಇಲ್ಲಿಯ ಕೊಳವೆ ಬಾವಿ ನೀರಿನಲ್ಲಿ ಏನಿದೆ ಎಂಬುದೇ ಒಂದು ಬೇರೆ ಪರೀಕ್ಷೆಯ ವಿಷಯ. ಗಟ್ಟಿ ಮಾಡಿದ ಮೇಲೆ, ಅರ್ಧ ಕರಗಿದ ಹದದಲ್ಲಿ, ಸೆರಾಮಿಕ್ ಚಾಕುವಿನಿಂದ ಹೊರಗಿನ ಎರಡು-ಮೂರು ಮಿಲಿಮೀಟರ್ ಹೆರೆದು ಬಿಸಾಡಿ ಒಳಗಿನದನ್ನು ಮಾತ್ರ ಕೊಡುವುದು ಉತ್ತಮ. ಇದನ್ನು ಪ್ರಯೋಗಾಲಯದವರೇ ಮಾಡಿಕೊಡುತ್ತಾರೆ. ಫಾರಂನಲ್ಲಿ ಬರೆದರೆ ಮಾತ್ರ.

ಈ ಮಾತು ಸುಮ್ಮನೆ ಹೇಳಿದ್ದಲ್ಲ. ಸೇವೆಯನ್ನು ಒರೆಗೆ ಹಚ್ಚಲು ಒಂದೇ ಮಿದುಳಿನ ಎರಡು ಅರ್ಧಗಳನ್ನು ಬೇರೆ ಬೇರೆ ನಂಬರಿನಲ್ಲಿ ಕೊಟ್ಟು ನೋಡಲಾಯಿತು. ಒಂದನ್ನು ಹೆರೆದದ್ದು, ಇನ್ನೊಂದನ್ನು ಮಚ್ಚಿನಿಂದ ಬಂದ ಹಾಗೇ ಬಿಟ್ಟದ್ದು. ತಾಮ್ರ, ಸತು ಎರಡರಲ್ಲೂ ಹತ್ತಿರ ಹತ್ತಿರ ಬಂದವು. ಸೀಸ ಮಚ್ಚಿನ ಅರ್ಧದಲ್ಲಿ ದುಪ್ಪಟ್ಟಿಗಿಂತ ಹೆಚ್ಚು, ಕ್ರೋಮಿಯಂ ಇನ್ನೂ ಹೆಚ್ಚು. ಇದರಲ್ಲಿ ಪ್ರಯೋಗಾಲಯದ ತಪ್ಪೇನಿಲ್ಲ, ಡಬ್ಬಿಯಲ್ಲಿ ಇದ್ದದ್ದನ್ನು ಅವರು ಸರಿಯಾಗಿಯೇ ಅಳೆದಿದ್ದಾರೆ. ಮಾದರಿ ಹೇಗೆ ತೆಗೆದಿರಿ ಎಂದು ಕೇಳದೆ ಎರಡಕ್ಕೂ ಒಂದೇ ಮುದ್ರೆ ಒತ್ತಿದ್ದು ಮಾತ್ರ ಅವರ ಪಾಲಿನದು.

ಮಿದುಳಿನ ಯಾವ ಭಾಗ ಎಂಬುದೂ ಹಾಗೇ. ಹೊರಗಿನ ಬೂದು ಭಾಗದಲ್ಲಿ ನೀರು ಶೇ. 80ಕ್ಕಿಂತ ಮೇಲೆ, ಒಳಗಿನ ಬಿಳಿ ಭಾಗದಲ್ಲಿ ಶೇ. 70ರ ಸುತ್ತ ಮತ್ತು ಕೊಬ್ಬು ಜಾಸ್ತಿ. ಕಬ್ಬಿಣ, ತಾಮ್ರ, ಸತು ಎಲ್ಲ ಕಡೆ ಸಮನಾಗಿ ಹರಡಿರುವುದಿಲ್ಲ. ಚಮಚದಲ್ಲಿ ಒಂದು ಮೂಲೆಯಿಂದ ತೆಗೆದರೆ ಅಂಕಿ ಆ ಮೂಲೆಯದ್ದು. ಅವರ ಮಾಮೂಲಿ ಕ್ರಮ ಹೀಗೆಯೇ, ಡಬ್ಬಿಯ ಮೇಲ್ಭಾಗದಿಂದ ಅರ್ಧ ಗ್ರಾಂ. ಇಡೀ ಒಂದು ಅರ್ಧಗೋಳವನ್ನು ರುಬ್ಬಿ ಏಕಸಮ ಮಾಡಿ ತೆಗೆಯಿರಿ ಎಂದು ಬರೆದುಕೊಡಬೇಕು. ಇಲ್ಲವೇ ಹಿಂಬದಿಯ ಚಿಕ್ಕ ಮಿದುಳನ್ನು (ಸೆರೆಬೆಲ್ಲಂ) ಮಾತ್ರ ಬಿಡಿಸಿ ಪ್ರತಿ ಪ್ರಾಣಿಯಿಂದ ಅದನ್ನೇ ಕಳಿಸಬೇಕು. ಎರಡರಲ್ಲಿ ಯಾವುದಾದರೂ ಸರಿ, ನಡುವೆ ಬದಲಾಯಿಸಬಾರದು. ರುಬ್ಬುವ ಯಂತ್ರದ ಅಲಗು ಸ್ಟೀಲಿನದೋ ಟೈಟಾನಿಯಂನದೋ ಎಂದು ಕೇಳಲು ಸಂಕೋಚ ಬೇಡ.

ಇನ್ನು ಹೊಗಳಬೇಕಾದ ಭಾಗ. ಅರ್ಧ ಗ್ರಾಂ ಮಾದರಿಗೆ ಲೋಹಮುಕ್ತ ದರ್ಜೆಯ ನೈಟ್ರಿಕ್ ಆಸಿಡ್ 6 ಮಿಲಿ, ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ 1 ಮಿಲಿ ಹಾಕಿ, ರಾತ್ರಿಯಿಡೀ ಸಡಿಲ ಮುಚ್ಚಳದಲ್ಲಿ ಬಿಟ್ಟು, ಬೆಳಿಗ್ಗೆ ಮುಚ್ಚಿದ ಪಾತ್ರೆಯಲ್ಲಿ ಮೈಕ್ರೋವೇವ್‌ಗೆ ಏರಿಸುತ್ತಾರೆ. ಉಷ್ಣತೆ ನಿಧಾನ ಏರಿ 200 ಡಿಗ್ರಿಯಲ್ಲಿ 20 ನಿಮಿಷ. ರಾತ್ರಿ ಬಿಡುವ ಹೆಜ್ಜೆ ತಿಳಿದವರು ಮಾಡುವಂಥದ್ದು. ಮಿದುಳಿನಲ್ಲಿ ಕೊಬ್ಬು ಹೆಚ್ಚು, ನೇರ ಬಿಸಿ ಮಾಡಿದರೆ ನೊರೆ ಉಕ್ಕಿ ಒತ್ತಡ ಏರುತ್ತದೆ, ಪಾತ್ರೆ ಗಾಳಿ ಬಿಟ್ಟು ಮಾದರಿಯ ಒಂದು ಪಾಲು ಹೊರಟುಹೋಗುತ್ತದೆ, ಪಾದರಸವಂತೂ ಮೊದಲು ಹೋಗುತ್ತದೆ. ಕೊನೆಗೆ ಸಿಗುವ ದ್ರಾವಣ ತಿಳಿಯಾಗಿರಬೇಕು. ಹಳದಿಯಾಗಿ ಮೇಲೆ ಎಣ್ಣೆ ತೇಲಿದ್ದರೆ ಆಸಿಡ್‌ನಲ್ಲಿ ಪೂರ್ತಿ ಕರಗಿಲ್ಲ ಎಂದರ್ಥ. ಉಳಿದ ಇಂಗಾಲದಿಂದ, ಲೋಹಗಳನ್ನು ಪರಮಾಣು ತೂಕದಿಂದ ಗುರುತಿಸಿ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಆರ್ಸೆನಿಕ್, ಸೆಲೆನಿಯಂ ಅಂಕಿ ಸುಳ್ಳಾಗಿ ಏರುತ್ತದೆ. ಆರ್ಸೆನಿಕ್‌ಗೆ ಇನ್ನೊಂದು ತೊಡಕು: ಆರ್ಗಾನ್ ಮತ್ತು ಕ್ಲೋರಿನ್ ಕೂಡಿ ಅದೇ 75ರ ತೂಕದ ವೇಷ ಹಾಕುತ್ತವೆ, ಅಂಗಾಂಶದಲ್ಲಿ ಉಪ್ಪು ಇದ್ದೇ ಇರುತ್ತದೆ. ಅದನ್ನು ಯಂತ್ರದೊಳಗಿನ ಹೀಲಿಯಂ ಅನಿಲದ ಕೋಶದಲ್ಲಿ ಸೋಸುತ್ತಾರೆ, ಇವರೂ ಸೋಸುತ್ತಾರೆ. ಪಾದರಸ ಕೊಳವೆಗೆ ಅಂಟಿ ಮುಂದಿನ ಮಾದರಿಗೆ ಇಳಿಯದಂತೆ ಚಿನ್ನದ ದ್ರಾವಣ ಬೆರೆಸುತ್ತಾರೆ.

ಅರ್ಧ ಗ್ರಾಂ ಅನ್ನು 50 ಮಿಲಿಗೆ ತಂದರೆ 100 ಪಟ್ಟು ತೆಳುವಾಯಿತು. ಯಂತ್ರ ಲೀಟರಿಗೆ 0.1 ಮೈಕ್ರೋಗ್ರಾಂ ಸೀಸವನ್ನು ನಂಬಿಕೆಯಿಂದ ಅಳೆದರೆ ಮಿದುಳಿನ ಲೆಕ್ಕದಲ್ಲಿ ಅದು ಕೆಜಿಗೆ 0.01 ಮಿಲಿಗ್ರಾಂ. ಅವರು ಕೊಡುವ ಕೆಳಮಿತಿಯೂ ಇದೇ, ಈ ಕೆಲಸಕ್ಕೆ ಸಾಕು. ಕೈಯಲ್ಲಿ ಹಿಡಿಯುವ, ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಗನ್ ತಂದು ಸ್ಥಳದಲ್ಲೇ ತೋರಿಸುತ್ತೇವೆ ಎನ್ನುವವರೂ ಇದ್ದಾರೆ. ಮಣ್ಣಿಗೆ, ಬಣ್ಣಕ್ಕೆ ಅದು ಒಳ್ಳೆಯ ಯಂತ್ರ, ಹಸಿ ಮಿದುಳಿನ ಇಷ್ಟು ಸಣ್ಣ ಮಟ್ಟಕ್ಕೆ ಅದರ ಕಣ್ಣು ಎಟುಕದು.

ನಂಬಿಕೆಗೆ ಕೇಳಬೇಕಾದ ಕಾಗದ ಮೂರು. ಒಂದು, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆಯ ವ್ಯಾಪ್ತಿಯ ಪಟ್ಟಿ. ನೀರಿಗೆ ಮಾನ್ಯತೆ ಇದ್ದ ಮಾತ್ರಕ್ಕೆ ಪ್ರಾಣಿ ಅಂಗಾಂಶಕ್ಕೆ ಇದೆ ಎಂದಲ್ಲ, ಕರಪತ್ರದ ಲೋಗೋ ನೋಡಿ ಮೋಸ ಹೋಗಬೇಡಿ. ಎರಡು, ಖಾಲಿ ಪಾತ್ರೆಯ ಅಂಕಿ: ಮಾದರಿ ಇಲ್ಲದೆ ಆಸಿಡ್ ಮಾತ್ರ ಹಾಕಿ ಓಡಿಸಿದ್ದು. ಮೂರು, ಪ್ರಮಾಣಿತ ವಸ್ತುವಿನ, ಅಂದರೆ ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಮಾದರಿಯ ಫಲಿತಾಂಶ. ಇವರು ಬಳಸುವುದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ 1577ಸಿ, ದನದ ಲಿವರ್ ಪುಡಿ. ಅದರಲ್ಲಿ ತಾಮ್ರ ಕೆಜಿಗೆ 275 ಮಿಲಿಗ್ರಾಂ, ಸೀಸ ಬರೀ 0.063. ಇರಬೇಕಾದ ತಾಮ್ರದಲ್ಲಿ ಶೇ. 98 ಬಂತು ಎಂದು ಬೀಗಿದರೆ ಮರುಳಾಗಬೇಡಿ, 275 ಅಳೆಯುವುದು ಯಾರಿಗೂ ಕಷ್ಟವಲ್ಲ. ಸೀಸ ಎಷ್ಟು ಬಂತು ಎಂದು ಕೇಳಿ. ಕೇಳಿದಾಗ ಈ ಪ್ರಯೋಗಾಲಯ ಮೂರನ್ನೂ ಕಳಿಸಿತು, ಅಂಕಿಗಳು ಮರ್ಯಾದೆಯಾಗಿಯೇ ಇದ್ದವು. ಕೇಳದಿದ್ದರೆ ಯಾಕೆ ಕೊಡುವುದಿಲ್ಲ ಎಂಬುದು ಅರ್ಥವಾಗದ ಸಂಗತಿ.

ವರದಿಯಲ್ಲಿ ಕಿರಿಕಿರಿ ಶುರು. ಅಂಕಿಯ ಪಕ್ಕ ಹಸಿ ತೂಕವೋ ಒಣ ತೂಕವೋ ಎಂದು ಬರೆದಿಲ್ಲ. ಮಿದುಳಿನಲ್ಲಿ ಶೇ. 78 ನೀರು ಎಂದುಕೊಂಡರೆ ಹಸಿಯಲ್ಲಿ 0.10 ಇರುವ ಸೀಸ ಒಣ ಲೆಕ್ಕದಲ್ಲಿ 0.45 ಆಗುತ್ತದೆ. ಒಂದು ಊರಿನ ಹಸಿ ಅಂಕಿಯನ್ನು ಯಾವುದೋ ಪ್ರಬಂಧದ ಒಣ ಅಂಕಿಗೆ ಹೋಲಿಸಿ ನಮ್ಮಲ್ಲಿ ಮಾಲಿನ್ಯವೇ ಇಲ್ಲ ಎಂದೋ, ತಿರುವುಮುರುವಾಗಿ ನಾಲ್ಕು ಪಟ್ಟು ಜಾಸ್ತಿ ಎಂದೋ ಕೂಗಾಡಲು ಇಷ್ಟು ಸಾಕು. ತಕ್ಷಣದ ಪರೀಕ್ಷೆಗೆ ಸತುವಿನ ಸಾಲು ನೋಡಿ. ಹಸಿ ಮಿದುಳಿನಲ್ಲಿ ಸತು ಕೆಜಿಗೆ ಹತ್ತರ ಆಸುಪಾಸು, ತಾಮ್ರ ಕೆಲವೇ ಮಿಲಿಗ್ರಾಂ. ಸತು ಐವತ್ತು-ಅರವತ್ತು ಎಂದಿದ್ದರೆ ಅದು ಒಣ ತೂಕ, ಇಲ್ಲವೇ ಏನೋ ಅಂಟಿದೆ.

ವರದಿಯ ಕೊನೆಯ ಕಾಲಂನಲ್ಲಿ ಹಸಿರು, ಹಳದಿ, ಕೆಂಪು ಬಣ್ಣ ಹಾಕಿ ಸುರಕ್ಷಿತ ಮಿತಿ ಎಂದು ಬರೆದಿದ್ದಾರೆ. ಎಲ್ಲಿಂದ ತಂದ ಮಿತಿ ಎಂದು ಕೇಳಿದಾಗ ಲಿವರ್‌ನದ್ದನ್ನೇ ಮಿದುಳಿಗೆ ಹಾಕಿರುವುದು ಗೊತ್ತಾಯಿತು. ಈ ಕಾಲಂ ತೆಗೆದು ಹೊಸ ವರದಿ ಕೊಡಿ ಎಂದು ಕೇಳಬಹುದು, ಕೊಡುತ್ತಾರೆ. ಸಿಗಲಿಲ್ಲ ಎಂದು ಬಂದ ಕಡೆ ಸೊನ್ನೆ ಬರೆದುಕೊಂಡು ಸರಾಸರಿ ಹಾಕಬೇಡಿ; ಕೆಳಮಿತಿಗಿಂತ ಕಡಿಮೆ ಎಂದೇ ಇರಲಿ, ಎಷ್ಟು ಪ್ರಾಣಿಯಲ್ಲಿ ಸಿಕ್ಕಿತು ಎಂದು ಎಣಿಸುವುದು ಪ್ರಾಮಾಣಿಕ ದಾರಿ. ಅಲ್ಯೂಮಿನಿಯಂ ಸಾಲನ್ನು ಪೂರ್ತಿ ಬಿಟ್ಟುಬಿಡಿ. ಧೂಳಿನಲ್ಲಿ, ಗಾಜಿನಲ್ಲಿ, ಪಾತ್ರೆಯಲ್ಲಿ ಎಲ್ಲೆಡೆ ಅದು ಇರುವುದರಿಂದ ವಿಶೇಷ ಶುದ್ಧ ಕೋಣೆ ಇಲ್ಲದೆ ಮಿದುಳಿನ ಅಲ್ಯೂಮಿನಿಯಂ ಅಳೆದೆವೆಂದರೆ ಯಾರೂ ಒಪ್ಪುವುದಿಲ್ಲ.

ಅಂಕಿ ಸರಿಯಿದ್ದರೂ ಕಾರಣ ಕೆರೆ ನೀರೇ ಆಗಬೇಕಿಲ್ಲ, ನಮ್ಮ ಕಡೆಯಂತೂ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಚಪ್ಪರದ ಕೆಳಗಿನ ಹುಲ್ಲು ಮೇಯ್ದ ಕುರಿಯಲ್ಲಿ ತಾಮ್ರ ಏರಿದರೆ ಕಾರ್ಖಾನೆಯನ್ನು ಬೈದು ಫಲವಿಲ್ಲ. ಗೊರಸು ಕೊಳೆಗೆ ಅದೇ ಮೈಲುತುತ್ತದ ನೀರಿನಲ್ಲಿ ಕಾಲು ಅದ್ದಿಸುತ್ತಾರೆ, ಬಾಯಾರಿದ ಕುರಿ ಅದನ್ನು ಕುಡಿಯುವುದುಂಟು. ದನದ ಹಿಂಡಿಯಲ್ಲಿ ದನಕ್ಕೆ ಬೇಕಾದಷ್ಟು ತಾಮ್ರ ಇರುತ್ತದೆ, ಕುರಿಗೆ ಅದೇ ವಿಷವಾಗುವಷ್ಟು. ತಾಮ್ರದ ವಿಷಕ್ಕೆ ಕುರಿಯಷ್ಟು ಸೂಕ್ಷ್ಮ ಸಾಕುಪ್ರಾಣಿ ಇಲ್ಲ, ಮತ್ತು ಆ ತಾಮ್ರ ತುಂಬುವುದು ಲಿವರ್‌ನಲ್ಲಿ. ಸೀಸಕ್ಕೆ ಹಳೆಯ ಬ್ಯಾಟರಿ ಒಡೆಯುವ ಜಾಗ, ಟ್ರ್ಯಾಕ್ಟರಿನ ಸುಟ್ಟ ಎಣ್ಣೆ, ಸಂಕ್ರಾಂತಿಗೆ ಕೊಂಬಿಗೆ ಬಳಿಯುವ ಬಣ್ಣ ನೋಡಿ. ಮನೆಗೆ ಬಳಿಯುವ ಬಣ್ಣಕ್ಕೆ 2016ರ ನಿಯಮದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂದಿದೆ. ಕೈಗಾರಿಕೆಯ ಬಣ್ಣ ಅದರಡಿ ಬರುವುದಿಲ್ಲ, ಕೊಂಬಿಗೆ ಯಾವ ಡಬ್ಬಿ ಕೈಗೆ ಸಿಕ್ಕಿತೋ ಅದು. ಹೆದ್ದಾರಿ ಬದಿಯ ಮಣ್ಣಿನಲ್ಲಿ ಹಳೆಯ ಸೀಸ ಇನ್ನೂ ಇರಬಹುದು, ಸೀಸದ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ದ ಫೆಬ್ರವರಿಯಲ್ಲಿ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಆದರೆ ಚಿನ್ನ ತೆಗೆದು ಉಳಿದ ಪುಡಿಯ ರಾಶಿಯಾದ ಸೈನೈಡ್ ಗುಡ್ಡದ ಧೂಳು ಗಾಳಿಗೆ ಇನ್ನೂ ಏಳುತ್ತದೆ. ಆ ಕಡೆಯ ಮಂದೆಗೆ ಆರ್ಸೆನಿಕ್ ಸಾಲು ನೋಡುವುದು ಸರಿ. ಸೈನೈಡ್ ಲೋಹವಲ್ಲ, ಈ ಪ್ಯಾಕೇಜಿನಲ್ಲಿ ಬರುವುದೂ ಇಲ್ಲ.

ಕೆರೆ ನೀರಿನಿಂದ ಲೋಹ ಬರುವುದಾದರೂ ಕುಡಿಯುವ ನೀರಿಗಿಂತ ಹೂಳಿನ ದಾರಿ ದೊಡ್ಡದು. ಲೋಹ ಹೂಳಿಗೆ ಅಂಟಿ ತಳ ಸೇರುತ್ತದೆ. ಬೇಸಿಗೆಯಲ್ಲಿ ಅಂಚು ಒಣಗಿ ಗರಿಕೆ ಚಿಗುರಿದಾಗ ಕುರಿ ಬುಡದವರೆಗೆ ಕಚ್ಚಿ ಮೇಯುತ್ತದೆ. ಹುಲ್ಲು ಕುಳ್ಳಾದಾಗ ತಿಂದ ಒಣ ಪದಾರ್ಥದಲ್ಲಿ ಹತ್ತನೇ ಒಂದು ಪಾಲಿಗೂ ಮಿಕ್ಕಿ ಮಣ್ಣೇ ಇರಬಹುದು. ಆದ್ದರಿಂದ ಮಿದುಳಿನ ಡಬ್ಬಿಯ ಜೊತೆ ಅದೇ ಮೇವುಜಾಗದ ಹೂಳು, ಹುಲ್ಲು, ನೀರು ಒಂದೊಂದು ಕಳಿಸದಿದ್ದರೆ ಕಾರಣದ ಕೊಂಡಿ ಬೆಸೆಯುವುದಿಲ್ಲ. ಮಳೆಗಾಲದ ಕೊನೆಯ ಮಾದರಿಯನ್ನು ಮೇ ತಿಂಗಳದ್ದಕ್ಕೆ ಹೋಲಿಸುವುದೂ ಸಲ್ಲದು.

ದರ: ಮಿದುಳಿಗೆ ಹನ್ನೆರಡು ಲೋಹಕ್ಕೆ ಸುಮಾರು 6,000 ರೂಪಾಯಿ, ಕಿಡ್ನಿಗೆ ಐದು ಲೋಹಕ್ಕೆ ಸುಮಾರು 3,500, ಮೇಲೆ ಶೇ. 18 ಜಿಎಸ್‌ಟಿ. ಎರಡು ಊರಿನ ಹತ್ತು ಹತ್ತು ಕುರಿಯ ಮಿದುಳು ಮಾತ್ರ ಮಾಡಿಸಿದರೆ 1,41,600. ಅದರ ಬದಲು ಇಪ್ಪತ್ತಕ್ಕೂ ಕಿಡ್ನಿ, ಊರಿಗೆ ಮೂರರಂತೆ ಆರಕ್ಕೆ ಮಾತ್ರ ಮಿದುಳು ಎಂದರೆ 1,25,080. ಹಣವೂ ಕಡಿಮೆ, ಹೇಳುವ ಮಾತಿಗೆ ಬಲವೂ ಹೆಚ್ಚು. ಕರು ಕುರುಡಾಗಿ ಹಲ್ಲು ಕಡಿಯುತ್ತಾ ಸತ್ತಿತು, ಸೀಸವೇ ಇರಬೇಕು ಎಂಬಂಥ ಒಂಟಿ ಪ್ರಕರಣಕ್ಕೆ ಈ ಪ್ಯಾಕೇಜ್ ಬೇಡ. ತಾಲ್ಲೂಕು ಪಶು ಆಸ್ಪತ್ರೆಯ ಮೂಲಕ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯ ದಾರಿ ಹಿಡಿಯಿರಿ. ಅಲ್ಲಿ ಥಯಾಮಿನ್ ಕೊರತೆಯಿಂದ ಬರುವ ಮಿದುಳು ಮೆತ್ತಗಾಗುವ ರೋಗವನ್ನೂ ನೋಡುತ್ತಾರೆ, ಅದರ ಲಕ್ಷಣ ಸೀಸದ್ದಕ್ಕೆ ಅವಳಿ. ಥಯಾಮಿನ್ ಚುಚ್ಚಿದರೆ ಎರಡರಲ್ಲೂ ಸ್ವಲ್ಪ ಸುಧಾರಿಸುವುದರಿಂದ ಚಿಕಿತ್ಸೆ ಫಲಿಸಿತು ಎಂಬುದರಿಂದ ಯಾವುದೆಂದು ಗೊತ್ತಾಗುವುದಿಲ್ಲ.

ಸಿಬ್ಬಂದಿ ಫೋನಿಗೆ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ರಸಾಯನ ವಿಭಾಗದವರಿಗೇ ಲೈನ್ ಕೊಡುತ್ತಾರೆ. ವರದಿ ಮೂರು ವಾರ ಎಂದು ಹೇಳಿ ಐದಕ್ಕೆ ಬರುತ್ತದೆ. ಆರ್ಡರ್ ಕೊಡುವಾಗ ಫಾರಂನಲ್ಲಿ ಇನ್ನೂ ಒಂದು ಸಾಲು ಸೇರಿಸಿ: ಉಳಿದ ಮಾದರಿಯನ್ನು ಬಿಸಾಡದೆ ಮೈನಸ್ 20ರಲ್ಲಿ ಆರು ತಿಂಗಳು ಇಡಬೇಕು. ಮಾಮೂಲಾಗಿ ಅವರು ವರದಿ ಕೊಟ್ಟು ಒಂದು ತಿಂಗಳಿಗೆ ಸುಟ್ಟುಬಿಡುತ್ತಾರೆ, ಅಂಕಿಯ ಮೇಲೆ ಅನುಮಾನ ಬಂದು ಮರುಪರೀಕ್ಷೆ ಕೇಳುವ ಹೊತ್ತಿಗೆ ಡಬ್ಬಿ ಇರುವುದಿಲ್ಲ.